ಅಜ್ಜಿಯ ಕೆಮ್ಮು

ಬಟ್ಟೆ ಹೊಲಿಯುವ ಅಜ್ಜಿಗೆ ವಾರವಿಡೀ ಬಾರದ ಕೆಮ್ಮು ಭಾನುವಾರ ಚರ್ಚಿನಲ್ಲಿ ತಪ್ಪದೆ ಬರುತ್ತಿತ್ತು. ಅದೂ ಕರ್ತನ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆ ಎನ್ನುವ ಸಾಲಿಗೆ ಸರಿಯಾಗಿ. ತನ್ನ ಅಮ್ಮನ ಹೊಲಿಗೆ ಯಂತ್ರವನ್ನು ತಂಗಿ ಒಂದು ಮಾತೂ ಕೇಳದೆ ಹೊತ್ತೊಯ್ದು ಹನ್ನೊಂದು ವರ್ಷವಾಗಿತ್ತು. ಮನೆಗೆ ಬೇರೆ ಯಂತ್ರ ಬಂದರೂ ಸಿಟ್ಟು ಇಳಿದಿರಲಿಲ್ಲ. ಕ್ಷಮಿಸಲು ಮನಸ್ಸಿಲ್ಲ, ದೇವರೆದುರು ಸುಳ್ಳು ಹೇಳಲು ಧೈರ್ಯವಿಲ್ಲ, ಅದಕ್ಕೇ ಕೆಮ್ಮು. ಬೈಬಲನ್ನು ಮೂರು ಸಲ ಓದಿ ಮುಗಿಸಿದ್ದಳು, ಉಪವಾಸವನ್ನೂ ಮಾಡಿದ್ದಳು. ಆದರೂ ದೇವರು ದೂರವೇ ಉಳಿದಿದ್ದಾನೆಂದು ಪಾದ್ರಿಯ ಬಳಿ ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ಗುಂಡಿ ಹೊಲಿಯುತ್ತಾ ಐದು ವರ್ಷದ ಮೊಮ್ಮಗಳಿಗೆ, "ಎಲ್ಲಿ, ಪ್ರಾರ್ಥನೆ ಹೇಳು ನೋಡೋಣ" ಎಂದಳು. ಮಗು ಕೈ ಜೋಡಿಸಿ ಪಟಪಟನೆ ಒಪ್ಪಿಸಿತು. ಆ ಸಾಲು ಬಂದಾಗ ಮಾತ್ರ ಅದನ್ನು ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಎರಡು ಸಲ ಕೆಮ್ಮಿ, ಮುಂದಿನ ಸಾಲಿಗೆ ಹೋಯಿತು.

"ಅಲ್ಯಾಕೆ ಕೆಮ್ಮಿದೆ?"

"ಅಲ್ಲಿ ಕೆಮ್ಮಬೇಕಲ್ವಾ ಅಜ್ಜಿ? ನೀನೇ ತಾನೆ ಕಲ್ಸಿದ್ದು!"

ಅಜ್ಜಿ ದಾರ ಕಡಿದು ಎದ್ದಳು.

"ಚಪ್ಪಲಿ ಹಾಕ್ಕೋ ಮಗಾ, ಚಿಕ್ಕಜ್ಜಿ ಮನೆಗೆ ಹೋಗಿ ಬರೋಣ."

ಮಗು ಕಣ್ಣರಳಿಸಿತು. "ನಂಗೆ ಚಿಕ್ಕಜ್ಜಿನೂ ಇದಾರಾ?"