ಬೌಂಡರಿಯಾಚೆಯ ವ್ಯಾನು

ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯ ಪಾತ್ರೆ ವ್ಯಾಪಾರಿಗೆ ಎರಡು ಸಂಸಾರ. ಒಂದು ಮನೆಯಲ್ಲಿತ್ತು, ಇನ್ನೊಂದು ಊರಿನ ಕ್ರಿಕೆಟ್ ಟೀಮು. ಟೂರ್ನಮೆಂಟಿಗೆ ಮುಂಚೆ ಟೀಮಿನವರು ಒಂದು ವಾರದ ಅಭ್ಯಾಸಕ್ಕೆ ಕಲ್ಯಾಣದುರ್ಗಕ್ಕೆ ಹೋದರೆ, ಇವರೂ ಹಳೇ ವ್ಯಾನಿನಲ್ಲಿ ಹಾಸಿಗೆ, ಸ್ಟೌವು, ಅಕ್ಕಿ ತುಂಬಿಕೊಂಡು ಹಿಂದೆಯೇ ಹೊರಡುತ್ತಿದ್ದರು. ಒಂದು ವರ್ಷ ನಾನೂ ಹೋದೆ. ದಾರಿಯುದ್ದಕ್ಕೂ ನನಗೆ ಬ್ರೇಕಿನ ಚಿಂತೆ, ಟೈರಿನ ಚಿಂತೆ, ಬೆನ್ನ ಹಿಂದಿದ್ದ ಸೀಮೆಎಣ್ಣೆಯ ಚಿಂತೆ. ಅವರದು ಒಂದೇ ಮಾತು: “ಏನೂ ಆಗಾಕಿಲ್ಲ ಕಣಪ್ಪ.”

ವ್ಯಾನನ್ನು ಬೌಂಡರಿಯಾಚೆ ನಿಲ್ಲಿಸುತ್ತಿದ್ದರು. ಸಿಕ್ಸರ್ ಬಡಿದು ತಗಡಿನಲ್ಲಿ ಬಿದ್ದ ಒಂದೊಂದು ತಗ್ಗನ್ನೂ ಸವರಿ, ಹೊಡೆದವನ ಹೆಸರು ಹೇಳುತ್ತಿದ್ದರು. ಅರ್ಧಕ್ಕರ್ಧ ತಗ್ಗುಗಳು ಟೀಮಿನ ಹಿರಿಯ ಬ್ಯಾಟ್ಸ್‌ಮನ್‌ನವು. ಆ ವಾರ ಅವನ ಒಂದು ಹೊಡೆತವೂ ವ್ಯಾನು ಮುಟ್ಟಲಿಲ್ಲ. ಕೊನೆಯ ಸಂಜೆ ಆಯ್ಕೆಯ ಪಟ್ಟಿ ಓದುವುದಿತ್ತು. ಅವನನ್ನು ಕೈಬಿಡುವ ಮಾತು ಎದ್ದಿತ್ತು.

“ಏನಣ್ಣಾ, ವ್ಯಾನು ಅನಂತಪುರದಾಗೆ ನಿಲ್ಸಿದ್ದೀಯಾ?” ಎಂದು ಅವನು ತಮಾಷೆ ಮಾಡಿದ. ಮುಖ ಮಾತ್ರ ನಗಲಿಲ್ಲ.

ಕೊನೆಯ ದಿನದ ಅಭ್ಯಾಸ ಪಂದ್ಯದ ಟೀ ಬಿಡುವಿನಲ್ಲಿ ಇವರು ಸದ್ದಿಲ್ಲದೆ ವ್ಯಾನನ್ನು ಬೌಂಡರಿ ಗೆರೆಯ ಹತ್ತಿರಕ್ಕೇ ತಂದುಬಿಟ್ಟರು.

“ಇದು ಮೋಸ ಅಲ್ವಾ?” ಎಂದೆ.

“ನಾನೇನ್ ಗೆರೆ ಅಳಿಸಿದ್ನಾ? ನನ್ ಮನೆ ನಾ ತಂದೆ. ಅವ್ನಿಗೆ ಆ ಸದ್ದು ಒಂದ್ಸಲ ಕೇಳ್ಬೇಕು, ಅಷ್ಟೇ.”

ಬಿಡುವು ಮುಗಿದ ಎರಡನೇ ಓವರಿನಲ್ಲಿ ಅವನು ಹೊಡೆದ ಚೆಂಡು ಬಂದು ಮುಂದಿನ ಗಾಜನ್ನೇ ಒಡೆಯಿತು. ಆಮೇಲೆ ಅವನ ಬ್ಯಾಟು ನಿಲ್ಲಲಿಲ್ಲ. ಸಂಜೆ ಓದಿದ ಪಟ್ಟಿಯಲ್ಲಿ ಅವನ ಹೆಸರು ಮೂರನೆಯದು.

ಗಾಜಿಲ್ಲದ ವ್ಯಾನಿನಲ್ಲಿ ಹಿಂದೂಪುರದವರೆಗೂ ಧೂಳು ತಿಂದೆವು. ನಾನು ಪಟ್ಟ ಅಷ್ಟೂ ಚಿಂತೆಗಳಲ್ಲಿ ಗಾಜಿನದೊಂದು ಇರಲೇ ಇಲ್ಲ. ಇವರು ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಾ ನಕ್ಕರು:

“ನಾನ್ ಹೇಳ್ಲಿಲ್ವಾ, ಏನೂ ಆಗಾಕಿಲ್ಲ ಅಂತ?”