ಉಮರಸಾಬನ ಕೆಮ್ಮು

ಗಂಗಾವತಿಯಲ್ಲಿ ಆಟೋಗಳು ಬಂದು ಟಾಂಗಾಗಳೆಲ್ಲ ಮೂಲೆ ಸೇರಿದರೂ ಉಮರಸಾಬ ಕುದುರೆಯ ಸಹವಾಸ ಬಿಡಲಿಲ್ಲ. ನೂರಿ ಎಂಬ ಬಿಳಿ ಹೆಣ್ಣುಕುದುರೆಯನ್ನು ತಂದು ಮದುವೆ ಮೆರವಣಿಗೆಗೆ ಪಳಗಿಸಿದ. ಬ್ಯಾಂಡಿನ ತಾಳಕ್ಕೆ ಅದು ಕಾಲೆತ್ತಿ ಹೆಜ್ಜೆ ಹಾಕುತ್ತಿದ್ದರೆ ಬೀಗರೆಲ್ಲ ಮದುಮಗನನ್ನು ಬಿಟ್ಟು ಕುದುರೆಯ ಫೋಟೊ ಹೊಡೆಯುತ್ತಿದ್ದರು. ಉಮರಸಾಬನ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ. ನಲವತ್ತು ವರ್ಷದಲ್ಲಿ ಒಂದು ಕುದುರೆಗೂ ಚಾಟಿ ಮುಟ್ಟಿಸಿಲ್ಲ ಎಂಬುದು ಅವನ ದೊಡ್ಡ ಜಂಬ. ಸಿಕ್ಕವರಿಗೆಲ್ಲ ಅದನ್ನೇ ಹೇಳುವನು. ಹೇಳಲಿ ಬಿಡಿ, ಆಗ ಅದು ನಿಜವೂ ಆಗಿತ್ತು.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ನೂರಿ ಕೆಟ್ಟಿತು. ಲಗಾಮು ಕಂಡರೆ ತಲೆ ಕೊಡವುವುದು, ಬಾಯಿ ಮುಟ್ಟಿದರೆ ಕಚ್ಚಲು ಬರುವುದು. ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಮದುಮಗನನ್ನು ಬಾಸಿಂಗದ ಸಮೇತ ಚರಂಡಿಯ ಪಕ್ಕ ಕೆಡವಿತು. ಜನ ನಕ್ಕರು. ಉಮರಸಾಬನ ಮುಖ ಕಪ್ಪಿಟ್ಟಿತು.

ಕುದುರೆ ಕೆಟ್ಟರೆ ನಮ್ಮ ಕಡೆಯವರು ಮೊದಲು ಹುಡುಕುವುದು ಮೈಮೇಲಿನ ಸುಳಿಯನ್ನು. ದನದ ವ್ಯಾಪಾರಿ ಗ್ಯಾನಪ್ಪ ಹಳೆಯ ಗೆಳೆಯ. ಬಂದು ಮೈಯೆಲ್ಲ ತಡವಿ, ಎಡಗಿವಿಯ ಹಿಂದೆ ಕೂದಲು ಸುತ್ತಿಕೊಂಡ ಜಾಗವೊಂದನ್ನು ಹಿಡಿದೇ ಹಿಡಿದ.

"ಇದು ಖೋಡಿ ಸುಳಿ ಐತಿ, ಉಮರಸಾಬ. ಇದಕ್ಕ ಹೆದರಿಕಿ ಒಂದ ಮದ್ದು ನೋಡು."

ಆರು ವರ್ಷ ಜೊತೆಗಿದ್ದ ಕುದುರೆಗೆ ಸುಳಿ ಅವತ್ತು ಹುಟ್ಟಿತೇ ಎಂದು ಕೇಳುವ ಬುದ್ಧಿ ಉಮರಸಾಬನಿಗೆ ಬರಲಿಲ್ಲ. ಗೂಟದ ಮೇಲಿದ್ದ ಚಾಟಿ ಕೆಳಗಿಳಿಯಿತು. ಲಗಾಮು ಬಿಗಿಯಾಯಿತು. ಬೀಡಿ ಸೇದುವ ಮನುಷ್ಯ, ಹೊಡೆಯುವ ಮುನ್ನ ಗಂಟಲು ಸರಿಮಾಡಿಕೊಳ್ಳಲು ಒಮ್ಮೆ ಕೆಮ್ಮುವನು. ಕೆಮ್ಮು, ಆಮೇಲೆ ಏಟು. ಮೂರು ತಿಂಗಳು ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಅವನ ಹೆಂಡತಿ ಮಾಶಾಬಿ ಕುದುರೆ ಕಟ್ಟುವ ಜಾಗ ಗುಡಿಸುತ್ತ, ಕಸಬರಿಗೆ ಹಿಡಿದೇ ನಿಂತುಬಿಟ್ಟಳು. ನೆಲದ ಮೇಲೆ ಅಗಿದು ಉಗುಳಿದ ಮೇವಿನ ಉಂಡೆಗಳು. ಅಂಥವನ್ನು ಎಷ್ಟು ದಿನದಿಂದ ನೋಡದೆ ತಿಪ್ಪೆಗೆ ಹಾಕಿದ್ದಳೋ.

"ಏನ್ರಿ, ಇಲ್ಲಿ ನೋಡ್ರಿ. ಹಲ್ಲ ನೋಯೋವಾಗ ನಿಮ್ಮ ಅಮ್ಮಾ ರೊಟ್ಟಿ ಹಿಂಗ ಅಗದು ತಾಟಿನ್ಯಾಗ ತಗದಿಡ್ತಿದ್ರು. ಇದಕ್ಕ ಬಾಯಿ ನೋಯಾಕತ್ತೈತಿ."

ದನದ ಡಾಕ್ಟರು ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. ದವಡೆ ಹಲ್ಲೊಂದು ಸೀಳಿ, ಅದರ ಚೂಪು ಕೆನ್ನೆಯ ಒಳಗನ್ನು ಕೊರೆದು ಕೀವು ತುಂಬಿತ್ತು. ಲಗಾಮು ಎಳೆದಾಗಲೆಲ್ಲ ಕೆನ್ನೆ ಆ ಚೂಪಿಗೇ ಒತ್ತುತ್ತಿತ್ತು.

"ಎಷ್ಟ ತಿಂಗಳಾತು?" ಎಂದು ಡಾಕ್ಟರು ಕೇಳಿದರು. ಉಮರಸಾಬ ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ಅತ್ತ.

ಹಲ್ಲು ಕಿತ್ತರು, ಗಾಯ ಮಾಯಿತು. ನೂರಿ ಬೇಯಿಸಿದ ಹುರುಳಿ ತಿಂದು ಮೈ ತುಂಬಿಕೊಂಡಿತು. ಆದರೆ ಉಮರಸಾಬ ಬಂದರೆ ಮೂಲೆಗೆ ಒತ್ತಿ ನಿಂತು ನಡುಗುವುದು. ಅವನು ಅಂಗೈಯಲ್ಲಿ ಬೆಲ್ಲ ಹಿಡಿದು ಗಂಟೆಗಟ್ಟಲೆ ನಿಂತ. ಅದು ಮೂಸಿ ಸಹ ನೋಡಲಿಲ್ಲ.

ಕೊನೆಗೆ ಮಗಳು ಹಸೀಬಾ ಹೊಲಿಗೆ ಮಿಷನ್ನು ಬದಿಗಿಟ್ಟು ಕುದುರೆಗೆ ಮೊದಲಿನಿಂದ ಕಲಿಸತೊಡಗಿದಳು. ಬಾಯಿಗೆ ಕಬ್ಬಿಣ ಹಾಕಲೇ ಇಲ್ಲ. ಮುಖಕ್ಕೆ ನೂಲಿನ ಹಗ್ಗ ಕಟ್ಟಿ ಅಂಗಳದಲ್ಲಿ ನಡೆಸಿದಳು. ಬೆನ್ನಿಗೆ ಮೊದಲು ಬರಿ ಕಂಬಳಿ, ವಾರಗಳಾದ ಮೇಲೆ ಜೀನು. ಮೊಬೈಲಿನಲ್ಲಿ ಬ್ಯಾಂಡಿನ ಸದ್ದು ಹಾಕಿ ದಿನಕ್ಕಿಷ್ಟು ಜೋರು ಮಾಡಿದಳು. ಉಮರಸಾಬ ಎಲ್ಲವನ್ನೂ ಅಡುಗೆಮನೆಯ ಕಿಟಕಿಯಿಂದ ನೋಡುವನು. ಒಮ್ಮೆ ಅಲ್ಲಿಂದಲೇ ಕೆಮ್ಮಿದ. ನೂರಿ ಮುಂಗಾಲೆತ್ತಿ ನಿಂತಿತು, ಹಸೀಬಾ ನೆಲಕ್ಕೆ ಬಿದ್ದಳು.

"ಅಬ್ಬಾಜಾನ್, ಮನಸ್ಸಿಗಿ ಹಚ್ಕೋಬ್ಯಾಡ್ರಿ," ಎಂದಳು ಮಣ್ಣು ಕೊಡವುತ್ತ. "ಅದು ನಿಮ್ಮ ಕೆಮ್ಮಿಗೆ ಅಂಜತೈತಿ."

"ಅಂಜೋದನ್ನ ನಾನ ಕಲಿಸೀನಿ ಬೇಟಾ," ಎಂದ. ಅವತ್ತೇ ಬೀಡಿ ಕಟ್ಟು ಒಲೆಗೆ ಹಾಕಿದ. ಆದರೆ ನಲವತ್ತು ವರ್ಷದ ಕೆಮ್ಮು ಒಲೆಗೆ ಹಾಕಿದರೆ ಹೋಗುತ್ತದೆಯೇ?

ಈ ವರ್ಷ ಹಿಟ್ನಾಳದ ಒಂದು ಮದುವೆಯಲ್ಲಿ ನೂರಿ ಮತ್ತೆ ಮದುಮಗನನ್ನು ಹೊತ್ತಿತು. ಹಗ್ಗ ಹಸೀಬಾಳ ಕೈಯಲ್ಲಿತ್ತು. ನೂರಿ ಹಳೆಯ ಹೆಜ್ಜೆಯನ್ನೇ ಹಾಕುತ್ತಿತ್ತು. ಉಮರಸಾಬ ಎಲ್ಲರಿಗಿಂತ ಹಿಂದೆ, ಜನರೇಟರ್ ಗಾಡಿಯ ಮರೆಯಲ್ಲಿ, ಬಾಯಿಗೆ ಟವೆಲ್ ಒತ್ತಿಕೊಂಡು ನಡೆಯುತ್ತಿದ್ದ.

"ಏನ್ ಛಲೋ ಕುಣಿಯಾಕತ್ತೈತೋ ನಿನ್ನ ಕುದುರಿ!" ಗ್ಯಾನಪ್ಪ ಅವನ ಭುಜ ತಟ್ಟಿದ. "ಮುಂದ ಹೋಗಿ ಹಗ್ಗ ಹಿಡಿಯೋ."

ಅಷ್ಟರಲ್ಲಿ ಬ್ಯಾಂಡಿನವರು ಹಾಡು ಬದಲಿಸಲು ನಿಲ್ಲಿಸಿದರು. ಓಣಿಯೆಲ್ಲ ಗಪ್ಪಾಯಿತು. ಉಮರಸಾಬನ ಗಂಟಲಲ್ಲಿ ಕೆರೆತ ಎದ್ದಿತು. ಗ್ಯಾನಪ್ಪನನ್ನು ಅಲ್ಲೇ ಬಿಟ್ಟು, ಟವೆಲನ್ನು ಇನ್ನಷ್ಟು ತುರುಕಿಕೊಂಡು, ಬಂದ ದಾರಿಗೇ ಓಡಿದ. ಹೆದ್ದಾರಿ ದಾಟಿ, ನೂರಿಗೆ ಕೇಳಿಸದಷ್ಟು ದೂರ ಬಂದೆನೆಂದು ಖಾತ್ರಿಯಾದ ಮೇಲೆ, ಕುಕ್ಕರಗಾಲಲ್ಲಿ ಕೂತು ಕೆಮ್ಮಿದ.