ಸತ್ತ ಕಂಪನಿಯ ಊಟ

ಇಂಡಿಯನ್ ಏರ್‌ಲೈನ್ಸನ್ನು ಗುರುಸಿದ್ದಪ್ಪ ಬೈದಷ್ಟು ಅದರಲ್ಲಿ ಟಿಕೆಟ್ ಕೊಂಡವರೂ ಬೈದಿರಲಿಕ್ಕಿಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಗೇಟಿನೆದುರು ಖಾಲಿ ಡ್ರಮ್ಮೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು, ಮ್ಯಾನೇಜರುಗಳ ಅಪ್ಪ ಅಜ್ಜಂದಿರನ್ನೆಲ್ಲ ಎಳೆದು ತಂದು ಜಾಡಿಸುತ್ತಿದ್ದ. ಕೌಂಟರಿನಲ್ಲಿ ಕೂತಾಗ ಪ್ರಯಾಣಿಕರ ಟಿಕೆಟ್ ನೋಡುವ ಟ್ರಾಫಿಕ್ ಅಸಿಸ್ಟೆಂಟು, ಡ್ರಮ್ಮಿನ ಮೇಲೆ ಯೂನಿಯನ್ನಿನ ಜಂಟಿ ಕಾರ್ಯದರ್ಶಿ. ರಾಣೆಬೆನ್ನೂರಿನ ಗಂಟಲು, ಮೈಕು ಬೇಕಿರಲಿಲ್ಲ. ಮೈಕು ಇದ್ದದ್ದು ಹೆಂಡತಿಯ ಹತ್ತಿರ. ಹುಬ್ಬಳ್ಳಿಯ ಮರಾಠಾ ಹುಡುಗಿ ಶಾಂತಾಬಾಯಿ ಅದೇ ಕಂಪನಿಯಲ್ಲಿ ಅನೌನ್ಸರ್. ಲಿಂಗಾಯತರ ಹುಡುಗ, ಮರಾಠರ ಹುಡುಗಿ ಯೂನಿಯನ್ ಆಫೀಸಿನಲ್ಲಿ ಹಾರ ಬದಲಿಸಿಕೊಂಡು ಮದುವೆಯಾದ ದಿನ ಎರಡೂ ಕಡೆಯ ಅಪ್ಪಂದಿರು ಬರಲಿಲ್ಲ. ಬಂದದ್ದು ಸರಕು ಹೊರುವ ಲೋಡರುಗಳು.

ಎರಡು ಸಾವಿರದ ಒಂದರಲ್ಲಿ ಗುರುಸಿದ್ದಪ್ಪ ನಿವೃತ್ತನಾದ. ಬೀಳ್ಕೊಡುಗೆ ಮಾತ್ರ ಆಗಲಿಲ್ಲ. ಅಧಿಕಾರಿಗಳು ಕೂರುವ ಯಾವ ಸಮಾರಂಭಕ್ಕೂ ಯೂನಿಯನ್ನಿನವರು ಕಾಲಿಡಕೂಡದು ಅಂತ ಆ ತಿಂಗಳೇ ಒಂದು ನಿರ್ಣಯವಾಗಿತ್ತು. ಅದನ್ನು ಮಂಡಿಸಿದವನು ಅವನೇ. ಸಭಾಂಗಣದೊಳಗೆ ಮ್ಯಾನೇಜರು ಗಂಧದ ಹಾರ, ಮೋಸಂಬಿ ಬುಟ್ಟಿ ಹಿಡಿದುಕೊಂಡು ಖಾಲಿ ಕುರ್ಚಿಗಳನ್ನು ನೋಡುತ್ತ ನಿಂತಿದ್ದರು. ಹೊರಗೆ ಕಿಟಕಿಯ ಹತ್ತಿರ ಗುರುಸಿದ್ದಪ್ಪ ನಿಂತು, ತನ್ನ ಬೀಳ್ಕೊಡುಗೆಗೆ ತಾನೇ ಬಹಿಷ್ಕಾರ ಹಾಕಿದ. ತಿಂಗಳುಗಟ್ಟಲೆ ನೆನಪಿಟ್ಟುಕೊಂಡಿದ್ದ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಆಮೇಲೆ ಎಷ್ಟು ಜೀರಿಗೆ ಕಷಾಯ ಕುಡಿದರೂ ಅದು ಕರಗಲಿಲ್ಲ.

ಮಗಳು ಕಾತ್ಯಾಯಿನಿ ಗಂಡನ ಜೊತೆ ಅಮೆರಿಕದ ಹರ್ನ್‌ಡನ್ನಿನಲ್ಲಿ ಮನೆ ತೆಗೆದುಕೊಂಡ ಮೇಲೆ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಬಂದರು. ಮನೆಯ ಹಿಂದಿನ ಮರದ ಜಗಲಿಯಲ್ಲಿ ಕೂತರೆ ಪಕ್ಕದ ಡಲ್ಲಸ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳೆಲ್ಲ ತಲೆಯ ಮೇಲೆಯೇ ಹೋಗುತ್ತಿದ್ದವು. ಗುರುಸಿದ್ದಪ್ಪ ಒಂದೊಂದನ್ನೂ ಕತ್ತೆತ್ತಿ ನೋಡಿ, "ಇವನೂ ನಮ್ಮಂವ ಅಲ್ಲ" ಅನ್ನುತ್ತಿದ್ದ. ಅಲ್ಲಿದ್ದಾಗಲೇ ಒಂದು ಚಳಿಗಾಲ ಕಂಪನಿಯ ಹೆಸರಿನ ಬಾಲ ಕತ್ತರಿಸಿ ಬರೀ 'ಇಂಡಿಯನ್' ಮಾಡಿದರು ಅಂತ ಸುದ್ದಿ ಬಂತು. ಅವತ್ತು ರಾತ್ರಿ ಊಟ ಬಿಟ್ಟ. ಎರಡು ಸಾವಿರದ ಏಳರ ಆಗಸ್ಟಿನಲ್ಲಿ ಆ ಮೊಂಡು ಹೆಸರೂ ಹೋಯಿತು. ಕಂಪನಿಯನ್ನು ಏರ್ ಇಂಡಿಯಾದ ಜೊತೆ ಕೂಡಿಸಿಬಿಟ್ಟರು.

"ಶಾಂತಾ, ಹೋತಲ್ಲೇ! ಕಂಪನಿ ಹೋತು!"

"ಎಲ್ಲಿಗ್ ಹೋತು? ಏರ್ ಇಂಡಿಯಾ ಜೋಡಿ ಕೂಡೇದಂತ. ನಾನೂ ಕೇಳೇನಿ."

"ಹೆಸರು ಅಳೀತು. ಹೆಸರು ಅಳೀತಂದ್ರ ಸತ್ತಂಗ. ಶಿವಗಣಾರಾಧನಿ ಮಾಡೂದ. ನಾಕು ಮಂದೀನ ಕರದು, ಹುಗ್ಗಿ ಮಾಡಿ, ಎದ್ದು ನಿಂತು ಎರಡು ಮಾತು ಆಡಿ ಕಳಿಸಿಕೊಡೂದ."

ಶಾಂತಾಬಾಯಿ ಲಟ್ಟಣಿಗೆ ಕೆಳಗಿಟ್ಟಳು. "ಮಗಳು ಬಸುರಿ ಇದ್ದಾಳ. ಹೊಸಾ ಮನಿ. ಇದರಾಗ ಸತ್ತವರ ಊಟ ಹಾಕ್ತೀರೇನು? ಅದೂ ಸಾಯದ ಇದ್ದದ್ದಕ್ಕ? ಅದು ಲಗ್ನ ಆಗೇದ ರೀ. ನಾ ಪವಾರ ಇದ್ದಾಕಿ, ನಿಮ್ಮನ್ನ ಮಾಡ್ಕೊಂಡು ಹೆಸರು ಬದಲಿಸಿದೆ. ಸತ್ತೆನೇನು? ಇಷ್ಟು ವರ್ಷ ನಿಮಗ ರೊಟ್ಟಿ ಬಡದಾಕಿ ದೆವ್ವೇನು?"

"ಆ ಅನುಮಾನ ನನಗೂ ಇತ್ತು," ಅಂದ ಗುರುಸಿದ್ದಪ್ಪ. ಲಟ್ಟಣಿಗೆ ಮತ್ತೆ ಮೇಲೆದ್ದಿತು.

ಮಗಳಿಗೆ ನಗು. "ಅಪ್ಪಾ, ಇಲ್ಲಿ ಪ್ಯಾನ್ ಆಮ್ ಏರ್‌ಲೈನ್ಸ್ ಕ್ಲೋಸ್ ಆದಾಗ ಯಾರಾದ್ರೂ ಊಟ ಹಾಕಿಸಿದ್ರಾ?"

"ಅದಕ್ಕ ಅದು ಇನ್ನೂ ಪ್ರೇತ ಆಗಿ ತಿರಗಾಕತ್ತೇತಿ," ಅಂದ.

ಕೊನೆಗೆ ಅಳಿಯ ಮುರಳೀಧರ ದಾರಿ ತೋರಿಸಿದ. ಮನೆಯಲ್ಲಿ ಬೇಡ, ಕಾಲೊನಿಯ ಕ್ಲಬ್‌ಹೌಸಿನಲ್ಲಿ ಮಾಡೋಣ. ಅಡುಗೆಯ ವಿಷಯದಲ್ಲಿ ಜಗಳವೇ ಆಗಲಿಲ್ಲ. ಅವರ ಕಡೆ ಗೋಧಿ ಹುಗ್ಗಿ ಲಗ್ನಕ್ಕೂ ನಡೆಯುತ್ತದೆ, ಸತ್ತವರಿಗೂ ನಡೆಯುತ್ತದೆ. ಆದರೆ ಅಮೆರಿಕದಲ್ಲಿದ್ದ ಹಳೆಯ ನೌಕರರನ್ನು ಕರೆಯುವಾಗ ಎಡವಟ್ಟಾಯಿತು. ಜಗಲಿಯಲ್ಲಿ ಕೂತು ಗುರುಸಿದ್ದಪ್ಪ ಫೋನು ಮಾಡಿದ: "ನಮ್ಮ ಹಿರೇ ಜೀವ ಹೋತ್ರಿ. ಬಂದು ಪ್ರಸಾದ ತಗೊಂಡು ಹೋಗ್ರಿ." ಅಡುಗೆಮನೆಯಿಂದ ಶಾಂತಾಬಾಯಿ ತನ್ನ ಹಳೆಯ ಅನೌನ್ಸ್‌ಮೆಂಟಿನ ದನಿಯಲ್ಲಿ ಫೋನು ಮಾಡಿದಳು: "ಕಂಪನಿ ಲಗ್ನ ಅದ. ರೇಷ್ಮಿ ಸೀರಿ ಉಟ್ಕೊಂಡು ಬರ್ರಿ." ಯಾರಿಗೆ ಯಾರ ಫೋನು ಮೊದಲು ಮುಟ್ಟಿತೋ ಅವರು ಅದಕ್ಕೆ ತಕ್ಕ ಹಾಗೆ ತಯಾರಾದರು.

ಶನಿವಾರ ಎಲ್ಲಕ್ಕಿಂತ ಮೊದಲು ಬಂದವನು ಸುಬ್ರಾಯ. ಕುಂದಾಪುರದ ಕಡೆಯವನು, ಕಂಪನಿಯ ವಿಮಾನಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕು, ಈಗ ಹತ್ತಿರದ ಜರ್ಮನ್‌ಟೌನಿನಲ್ಲಿ ಮಗನ ಮನೆಯಲ್ಲಿರುವವನು. ಬಿಳಿ ಪಂಚೆ, ಬಿಳಿ ಶಾಲು, ಕೈಯಲ್ಲಿ ಬಾಳೆಹಣ್ಣು, ಅಳುವುದಕ್ಕೆ ತಯಾರಾದ ಮುಖ. ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ತುಂಬ ಬಣ್ಣಬಣ್ಣದ ಬಲೂನು.

"ಇದೆಂಥದು ಮಾರಾಯ? ನಾನು ಸಾವಿಗೆ ಬಂದವ. ಇದು ಯಾರ ಬರ್ತ್‌ಡೇ?"

ಮುರಳೀಧರ ತಲೆ ಕೆರೆದುಕೊಂಡ. "ಅಂಕಲ್, ಬುಕ್ ಮಾಡುವಾಗ ಏನು ಫಂಕ್ಷನ್ ಅಂತ ಕೇಳಿದ್ರು. ಫ್ಯೂನರಲ್ಲಾ ವೆಡ್ಡಿಂಗಾ ಅಂತ ಇವರಿಬ್ರೂ ಡಿಸೈಡ್ ಮಾಡಿರ್ಲಿಲ್ಲ. ಬರ್ತ್‌ಡೇ ಅಂದ್ಬಿಟ್ಟೆ. ಅವರೇ ಬಲೂನ್ ಕಟ್ಟಿ ಹೋಗಿದ್ದಾರೆ."

ಅಷ್ಟರಲ್ಲಿ ಹೊರಗೊಂದು ಕಾರು ನಿಂತಿತು. ಇಳಿದವಳು ರೇಣುಕಾದೇವಿ, ಕಂಪನಿಯ ಹಳೆಯ ಗಗನಸಖಿ. ಅಟ್ಲಾಂಟದಿಂದ ಡರ್ಹಮ್ಮಿನ ತನಕ ಮಗ ತಂದು ಬಿಟ್ಟಿದ್ದ. ಮೈಮೇಲೆ ಮಾವಿನಕಾಯಿ ಬಣ್ಣದ ಕಂಚಿ ಸೀರೆ, ಮುಡಿಯಲ್ಲಿ ಹೂವು, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ರೈಸ್ ಕುಕ್ಕರು. ಅಲ್ಲಿಂದ ಕರೆತಂದವರು ಡರ್ಹಮ್ಮಿನಲ್ಲೇ ಇರುವ ಸೂರ್ಯನಾರಾಯಣ ಮತ್ತು ಅವರ ಹೆಂಡತಿ. ಸೂರ್ಯನಾರಾಯಣ ಮೈಸೂರಿನವರು, ಕೋಟು ಟೈ ಹಾಕಿದ್ದರು. ನಿವೃತ್ತರಾದದ್ದು ಏರ್ ಇಂಡಿಯಾದಲ್ಲಿ. ತಾವು ಲಂಡನ್ನು ನ್ಯೂಯಾರ್ಕು ಹಾರುವಾಗ ಈ ದೇಶೀ ಕಂಪನಿಯವರು ಹುಬ್ಬಳ್ಳಿ ಬೆಳಗಾವಿ ಹಾರುತ್ತಿದ್ದರು ಅನ್ನುವ ಕನಿಕರ ಅವರ ಮೀಸೆಯಲ್ಲಿ ಇನ್ನೂ ಇತ್ತು.

ಒಳಗೆ ಮೇಜಿನ ಮೇಲೆ ಕೇಸರಿ ಬಾಲದ ಒಂದು ಪ್ಲಾಸ್ಟಿಕ್ ವಿಮಾನ. ಗುರುಸಿದ್ದಪ್ಪ ಅದಕ್ಕೆ ಹಾರ ಹಾಕಿ, ಎರಡೂ ರೆಕ್ಕೆಗೆ ವಿಭೂತಿ ಬಳಿದು, ಊದುಬತ್ತಿ ತರಲು ಹೋಗಿದ್ದ. ತಿರುಗಿ ಬಂದರೆ ವಿಮಾನದ ಮೂತಿಗೆ ಬಾಸಿಂಗ ಕಟ್ಟಿತ್ತು. ಪಕ್ಕದಲ್ಲಿ ಶಾಂತಾಬಾಯಿ ಏನೂ ಅರಿಯದವಳ ಹಾಗೆ ಅಕ್ಷತೆ ಕಲಸುತ್ತಿದ್ದಳು.

"ಬಿಚ್ಚು ಅದನ್ನ!"

"ನೀವು ಬೂದಿ ಒರಸ್ರಿ, ನಾ ಬಿಚ್ಚತೀನಿ."

ಜಗಳ ಹತ್ತಿಕೊಂಡಿತು. ಸುತ್ತಮುತ್ತಲಿಂದ ಬಂದಿದ್ದ ಹಳೆಯ ನೌಕರರು ಎರಡು ಪಾಳೆಯವಾದರು. ಬಿಳಿ ಉಟ್ಟವರು ಗುರುಸಿದ್ದಪ್ಪನ ಕಡೆ, ರೇಷ್ಮೆ ಉಟ್ಟವರು ಶಾಂತಾಬಾಯಿಯ ಕಡೆ. ಸುಬ್ರಾಯ ಇಬ್ಬರ ನಡುವೆ ನಿಂತ.

"ಯಾವುದಾದರೂ ಒಂದು ಬೇಗ ಹೇಳಿ ಮಾರಾಯ್ರೆ. ಸಾವಾದರೆ ನಾನು ಅಳುತ್ತೇನೆ, ಮದುವೆಯಾದರೆ ಉಣ್ಣುತ್ತೇನೆ. ಅಲ್ಲ ಗುರುಸಿದ್ದಪ್ಪ, ಐವತ್ತಮೂರರಲ್ಲಿ ಸರ್ಕಾರ ಎಂಟು ಕಂಪನಿ ಕೂಡಿಸಿ ಇದನ್ನು ಮಾಡಿತಲ್ಲ? ಡೆಕ್ಕನ್, ಭಾರತ್, ಕಳಿಂಗ, ಹಿಮಾಲಯನ್, ಅವಕ್ಕೆಲ್ಲ ಊಟ ಹಾಕಿಸಿದವ ಯಾರು?"

"ಅದು ಸಾಹುಕಾರರ ಕೈಯಿಂದ ಜನರ ಕೈಗೆ ಬಂದದ್ದಪಾ. ಅದು ಹುಟ್ಟು, ಸಾವಲ್ಲ."

"ಎಂಟು ಜನ ಅಪ್ಪಂದಿರಿಗೆ ಹುಟ್ಟಿದವಳಾ? ಆಗಲಿ," ಅಂದ ಸುಬ್ರಾಯ. ರೇಷ್ಮೆಯವರೂ ನಕ್ಕರು, ಬಿಳಿಯವರೂ ನಕ್ಕರು. ಗುರುಸಿದ್ದಪ್ಪ ಮಾತ್ರ ನಗಲಿಲ್ಲ. ಈ ಸಲವೂ ಭಾಷಣ ಹೊಟ್ಟೆಯಲ್ಲೇ ಉಳಿಯುತ್ತದೇನೋ ಅನ್ನುವ ಭಯ ಅವನಿಗೆ ಹತ್ತಿತ್ತು. ತನಗೆ ಗೊತ್ತಿದ್ದ ಒಂದೇ ದಾರಿಗೆ ಬಂದ. "ಕಾಮ್ರೇಡ್ಸ್, ಕೈ ಎತ್ತಿಸೂಣು. ಬಹುಮತದ ಮಾತ ಮಾತು."

ಎಣಿಸಿ ನೋಡಿದ್ದ. ಬಿಳಿಯವರು ಹೆಚ್ಚಿದ್ದರು. ಹರ್ನ್‌ಡನ್ನಾದರೇನು, ಹಳೇ ಯೂನಿಯನ್ ಕುದುರೆ, ಗೆಲ್ಲದ ಮಾತನ್ನು ಮತಕ್ಕೆ ಹಾಕುವವನಲ್ಲ.

ಕೈಗಳು ಮೇಲೇಳುವ ಮೊದಲು ರೇಣುಕಾದೇವಿ ಬಾಯಿ ತೆಗೆದಳು. ಗಾಳಿಯ ಒದೆತಕ್ಕೆ ವಿಮಾನ ನಡುಗುವಾಗ ಜನರಿಗೆ ಬೆಲ್ಟ್ ಹಾಕಿಸುತ್ತಿದ್ದ ಅದೇ ಮೆಲುದನಿ. "ಒಂದು ಡೌಟು ಸರ್. ಕಂಪನಿ ಸತ್ತಿದ್ರೆ ರಿಟೈರಾದ ನಮ್ಮ ವಿಮಾನದ ಫ್ರೀ ಪಾಸ್ ಕಥೆ ಏನು?"

ಏಳಲಿದ್ದ ಕೈಗಳು ಇದ್ದಲ್ಲೇ ನಿಂತವು.

"ಸತ್ತೋರ ಮನೆ ಪಾಸ್ ಯಾರು ಕೊಡ್ತಾರೆ?" ಅವಳು ಮುಂದುವರಿಸಿದಳು. "ಮದುವೆ ಆಗಿದ್ರೆ ಬೇರೆ ಮಾತು. ಗಂಡನ ಮನೆ ಗಾಡಿ ನಮ್ಮ ಹುಡುಗೀದೂ ಆಯ್ತಲ್ಲ. ಆಗ ಲಂಡನ್ನಿಗೂ ಪಾಸು ಕೇಳಬಹುದು. ಏನ್ ಸೂರ್ಯನಾರಾಯಣ್ ಅವ್ರೇ?"

ಸೂರ್ಯನಾರಾಯಣ ಟೈ ಸಡಿಲಿಸಿಕೊಂಡರು. "ಅದು... ಪಾಲಿಸಿ ಮ್ಯಾಟರ್. ನಾನು ಏನೂ ಹೇಳೋಕಾಗಲ್ಲ."

"ಇಲ್ಲ ಅಂತ ಹೇಳಲಿಲ್ಲ! ಎಲ್ಲಾರೂ ಕೇಳಿಸ್ಕೊಂಡ್ರಲ್ಲ?" ಅಂದಳು ಶಾಂತಾಬಾಯಿ.

ಸುಬ್ರಾಯ ಹೆಗಲ ಮೇಲಿನ ಬಿಳಿ ಶಾಲು ತೆಗೆದು ನೀಟಾಗಿ ಮಡಿಸಿ ಚೀಲಕ್ಕೆ ತುರುಕಿದ. "ಮದುವೆಯೇ. ನನಗೆ ಮೊದಲೇ ಹಾಗೆ ಕಂಡಿತ್ತು." ಮದುವೆಗೆ ಅಂತ ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಮೇಲೆದ್ದವು. ಸಾವಿಗೆ ಅಂತ ಎದ್ದದ್ದು ಗುರುಸಿದ್ದಪ್ಪನದೊಂದೇ ಕೈ. ಅದನ್ನು ಎಷ್ಟು ಹೊತ್ತು ಎತ್ತಿ ಹಿಡಿದರೂ ಪಕ್ಕದಲ್ಲಿ ಇನ್ನೊಂದು ಏಳಲಿಲ್ಲ. ಜೀವನವಿಡೀ ಬಹುಮತಕ್ಕೆ ತಲೆಬಾಗಿ ಅಂತ ಕಿರುಚಿದವನು, ತಾನು ಬಾಗದೆ ಏನು ಮಾಡುತ್ತಾನೆ? ವಿಮಾನದ ರೆಕ್ಕೆಯ ವಿಭೂತಿಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ.

"ಲಗ್ನ ಅಂದಮ್ಯಾಲ ಹೆಣ್ಣು ಒಪ್ಪಿಸಿಕೊಡಬೇಕು," ಅಂದಳು ಶಾಂತಾಬಾಯಿ. "ಗಂಡಿನ ಕಡೆಯವರು ಕೋಟು ಹಾಕ್ಕೊಂಡು ನಿಂತಾರ. ಹೆಣ್ಣಿನ ಕಡೆ ಹಿರೇರು ಯಾರು?" ಎಲ್ಲರೂ ಗುರುಸಿದ್ದಪ್ಪನ ಮುಖ ನೋಡಿದರು. ಅವಳೇ ವಿಮಾನ ತಂದು ಅವನ ಕೈಯಲ್ಲಿಟ್ಟಳು. "ಇಲ್ಲಿ ಹೇಳ್ರಿ ಏನು ಹೇಳೂದದ. ಇಲ್ಲಿ ಅತ್ತರ ಯಾರೂ ಅಪಶಕುನ ಅನ್ನೂದಿಲ್ಲ."

ಗುರುಸಿದ್ದಪ್ಪ ಗಂಟಲು ಸರಿಮಾಡಿಕೊಂಡ. ಹೊಟ್ಟೆಯಲ್ಲಿದ್ದದ್ದು ಮೆಲ್ಲಗೆ ಮೇಲೆ ಬಂತು.

"ಬೀಗರ, ಈಕಿ ನಮ್ಮ ಮಗಳು. ಹುಟ್ಟಿದಾಗ ಮೈಮ್ಯಾಲೆ ಇದ್ದದ್ದು ಯುದ್ಧದಾಗ ಮಂದಿ ಬಿಟ್ಟುಹೋದ ಹಳೇ ಡಕೋಟಾ ವಿಮಾನ. ಅದನ್ನ ಹೊಲಿದು, ತೊಳದು, ತೊಡಿಸಿ ಬೆಳಸಿದ್ವಿ. ಆಮ್ಯಾಲೆ ವೈಕೌಂಟು, ಕ್ಯಾರವೆಲ್ಲು, ಬೋಯಿಂಗು. ದಿಲ್ಲ್ಯಾಗ ಮಂಜು ಬಿದ್ರ ತಡಾ ಮಾಡ್ತಾಳ, ಬೈಬ್ಯಾಡ್ರಿ. ಲಾಭದ ಊರಿಗೆ ಯಾರಾರ ಹೋಗ್ತಾರ. ಈಕಿ ಲೇಹದ ಗುಡ್ಡಕ್ಕ ಹೋದ್ಳು, ಪೋರ್ಟ್ ಬ್ಲೇರಿಗೆ ಹೋದ್ಳು, ಇಂಫಾಲಕ್ಕ ಹೋದ್ಳು. ಕುವೈತಿನ ಯುದ್ಧದ ಗದ್ದಲದಾಗ ನಮ್ಮ ಮಂದೀನ ಅಮ್ಮಾನ್ ಊರಿಂದ ಹೊತ್ತು ತಂದಾಗ ನೀವೊಬ್ರ ಇರಲಿಲ್ಲ, ಈಕೀನೂ ಬೆನ್ನು ಕೊಟ್ಟಾಳ. ನಾ ಈಕೀನ್ನ ಬಾಳ ಬೈದೀನಿ. ಬೈಯೂ ಹಕ್ಕು ಸಾಕಿದವರಿಗೆ ಇರತದ. ನಿಮಗಿಲ್ಲ. ಒಂದ ಮಾತು, ಸೀನಿಯಾರಿಟಿಯೊಳಗ ನಮ್ಮ ಹುಡುಗೀನ್ನ ಕೆಳಗ ಕೂಡಿಸಬ್ಯಾಡ್ರಿ. ಕೂಡಿಸಿದ್ರ..."

ಮುಂದಿನ ಮಾತು 'ಮುಷ್ಕರ' ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದು ಬರಲಿಲ್ಲ, ಬದಲಿಗೆ ಕಣ್ಣು ಮೂಗು ಎರಡೂ ಸುರಿದವು. ಮಗಳನ್ನು ಕಳಿಸುವ ಅಪ್ಪ ಅತ್ತ ಹಾಗೆ ಎಲ್ಲರ ಮುಂದೆ ಗೊಳೋ ಅಂತ ಅತ್ತ. ಸುಬ್ರಾಯ ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿದ. ರೇಣುಕಾದೇವಿ ಕಾಗದದ ಕರವಸ್ತ್ರಗಳನ್ನು ತಟ್ಟೆಯಲ್ಲಿಟ್ಟು, ಹಳೆಯ ಚಟದಂತೆ, ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹಂಚುತ್ತ ಹೋದಳು.

ಸೂರ್ಯನಾರಾಯಣ ಎರಡೂ ಕೈಯೊಡ್ಡಿ ವಿಮಾನ ತೆಗೆದುಕೊಂಡರು. ಮೀಸೆಯ ಕನಿಕರ ಎಲ್ಲೋ ಬಿದ್ದುಹೋಗಿತ್ತು. "ನಮ್ಮನೇಲಿ ಚೆನ್ನಾಗ್ ನೋಡ್ಕೋತೀವಿ ಗುರುಸಿದ್ದಪ್ಪನವರೇ," ಅಂದರು. ಆಮೇಲೆ ಎಲ್ಲರೂ ಬಲೂನುಗಳ ಕೆಳಗೆ ಕೂತು ಹುಗ್ಗಿ ಹೊಡೆದರು. ಗುರುಸಿದ್ದಪ್ಪ ಎರಡು ಸಲ ತುಪ್ಪ ಕೇಳಿದ.

ಸಂಜೆ ಬೀಗರನ್ನು ಕಳಿಸಲು ಗುರುಸಿದ್ದಪ್ಪ ಕಾರಿನ ತನಕ ಬಂದ. ಸೂರ್ಯನಾರಾಯಣ ಟ್ರಂಕ್ ತೆರೆದು ವಿಮಾನವನ್ನು ಒಳಗಿಡಲು ಬಗ್ಗಿದ್ದೇ ತಡ, "ಏ, ಏ, ಏನ್ರಿ ಅದು!" ಅಂತ ರಾಣೆಬೆನ್ನೂರಿನ ಗಂಟಲು ಕಾಲೊನಿಗೆಲ್ಲ ಕೇಳಿಸಿತು. "ಇನ್ನೂ ಹುಗ್ಗಿ ಅರಗಿಲ್ಲ, ಆಗಲೇ ಸಾಮಾನಿನ ಜೋಡಿ ಹಾಕ್ತೀರಿ? ಮುಂದಿನ ಸೀಟು!"

"ಮುಂದೆ ನಮ್ಮ ಮಿಸೆಸ್ ಕೂರ್ತಾರೆ..."

"ಅವರು ಸೀನಿಯರ್ ಸೊಸಿ. ಹೊಸಬಳಿಗೆ ಇವತ್ತೊಂದು ದಿನ ಜಾಗಾ ಬಿಡ್ಲಿ."

ಸೂರ್ಯನಾರಾಯಣರ ಹೆಂಡತಿ ನಗುತ್ತ ಹಿಂದೆ ಹೋಗಿ ರೇಣುಕಾದೇವಿಯ ಪಕ್ಕ ಕೂತರು. ಗುರುಸಿದ್ದಪ್ಪ ತಾನೇ ಒಳಗೆ ಬಗ್ಗಿ, ಬಾಸಿಂಗ ಸೊಟ್ಟಗಾಗದಂತೆ ವಿಮಾನವನ್ನು ಸೀಟಿನ ಮೇಲೆ ಕೂರಿಸಿ, ಬೆಲ್ಟ್ ಎಳೆದು ಕಟ್ಟಿ, ಗಟ್ಟಿಯಾಗಿದೆಯೋ ಅಂತ ಒಮ್ಮೆ ಜಗ್ಗಿ ನೋಡಿದ. ಕಾರು ಡರ್ಹಮ್ಮಿನ ಕಡೆ ಹೊರಟಿತು.